ದೊಡ್ಡಮ್ಮನ ವಿಮಾನಕ್ಕೆ ಎರಡು ಕಾರ್ಡು

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಬುದ್ಧಿ ಚಪ್ಪಲಿ ಮೆಟ್ಟಿಕೊಳ್ಳುವುದಕ್ಕೂ ನಿಲ್ಲದೆ ಅಂಗಳ ದಾಟಿಬಿಡುತ್ತದೆ. ಇದು ಹುಟ್ಟುಗುಣವೋ ಸಹವಾಸದೋಷವೋ ತಿಳಿಯದು. ಒಮ್ಮೆ ಪ್ಲಾಸ್ಟಿಕ್ ಬಕೆಟ್ ಪುಕ್ಕಟೆ ಎಂದು ಬಟ್ಟೆ ಸೋಪಿನ ಪುಡಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದೆ. ಬಕೆಟ್ಟಿನ ತಳ ಮೊದಲ ಸ್ನಾನಕ್ಕೇ ಬಿರಿಯಿತು. ಪುಡಿ ಮಾತ್ರ ಎರಡು ಮಳೆಗಾಲ ಕಳೆದರೂ ಮುಗಿಯಲಿಲ್ಲ. ಇನ್ನೊಮ್ಮೆ ಬ್ರಹ್ಮಾವರದಲ್ಲಿ ಪುಕ್ಕಟೆ ಕಣ್ಣಿನ ತಪಾಸಣೆ ಇದೆಯೆಂದು, ಕಣ್ಣಿಗೆ ಏನೊಂದೂ ಆಗದ ನಾನು ಬಿಸಿಲಲ್ಲಿ ಸಾಲು ನಿಂತೆ. ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಮೂಗಿನ ಮೇಲೆ ಹೊಸ ಕನ್ನಡಕ ಕೂತಿತ್ತು. ತಪಾಸಣೆ ಪುಕ್ಕಟೆ, ಕನ್ನಡಕಕ್ಕೆ ದುಡ್ಡು. ನನ್ನ ಹೆಂಡತಿ ಸುಜಾತ ಬಾಗಿಲಲ್ಲೇ ನಿಂತು ಕನ್ನಡಕವನ್ನೂ ನನ್ನನ್ನೂ ಸಾವಕಾಶವಾಗಿ ನೋಡಿ, ‘ಹ್ವಾಯ್, ಇನ್ನಾದ್ರೂ ಕಣ್ ಬಿಟ್ಕಂಡ್ ಸಾಮಾನ್ ತಕಂಬುಕ್ ಆತ್ತಾ?’ ಎಂದು ಕೇಳಿ ಒಳಗೆ ಹೋದಳು.

ಇಂಥ ಮನುಷ್ಯನಿಗೆ ಬ್ಯಾಂಕಿನಿಂದ ಫೋನು ಬಂದು, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥ ದನಿಯ ಹುಡುಗಿಯೊಬ್ಬಳು ‘ಸರ್, ನಿಮಗೆ ಶೂನ್ಯ ಬಡ್ಡಿ’ ಎಂದರೆ ಗತಿ ಏನಾಗಬೇಕು, ಹೇಳಿ. ಬ್ರಹ್ಮಾವರದ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ನಾನು ಗುಮಾಸ್ತ. ಹುಡುಗರ ಫೀಸಿಗೆ ದಂಡ ಹಾಕುವುದೇ ನನ್ನ ಕೆಲಸವಾದ್ದರಿಂದ ಬಡ್ಡಿ, ದಂಡ, ಕಡೇ ತಾರೀಕು ಇವೆಲ್ಲ ನನಗೆ ಅಂಗೈ ಗೆರೆಯಷ್ಟು ಪರಿಚಿತ ಎಂಬ ಒಂದು ಹೆಮ್ಮೆಯೂ ಇತ್ತು. ಹುಡುಗಿ ಹೇಳಿದ್ದು ಇಷ್ಟು: ನನ್ನ ಹಳೆಯ ಕಾರ್ಡಿನಲ್ಲಿ ಏನಾದರೂ ಬಾಕಿ ಇದ್ದರೆ ಅದನ್ನು ಅವರ ಹೊಸ ಕಾರ್ಡಿಗೆ ವರ್ಗಾಯಿಸಿಕೊಳ್ಳುತ್ತಾರೆ. ಅದಕ್ಕೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎಂದು ಹೆಸರು. ಆರು ತಿಂಗಳು ಬಡ್ಡಿ ಇಲ್ಲ. ತಿಂಗಳು ತಿಂಗಳು ಒಂದು ಸಣ್ಣ ಕಂತು ತಪ್ಪದೆ ಕಟ್ಟುತ್ತಿದ್ದು, ಕೊನೆಗೆ ಉಳಿದದ್ದನ್ನು ಒಟ್ಟಿಗೆ ತೀರಿಸಿದರಾಯಿತು. ಮೊದಲಿಗೇ ಒಂದಿಷ್ಟು ಶುಲ್ಕ, ಅದರ ಮೇಲೆ ಒಂದಿಷ್ಟು ತೆರಿಗೆ ಇದೆ ಎಂಬುದನ್ನೂ ಹೇಳಿದಳು. ಆದರೆ ಆ ಮಾತನ್ನು ಅವಳು ಎಷ್ಟು ವೇಗವಾಗಿ ಹೇಳಿದಳೆಂದರೆ ನಮ್ಮ ಕುಂದಾಪುರದವರೂ ನಾಚಬೇಕು.

ಅಲ್ಲಿಗೇ ನಿಂತಿದ್ದರೆ ಕೆಡುತ್ತಿರಲಿಲ್ಲ. ಆದರೆ ಅದೇ ವಾರ ನನ್ನ ಹೆಂಡತಿಯ ತಮ್ಮ ರಘುರಾಮ, ಮುಂಬಯಿಯ ಕ್ಯಾಂಟೀನುಗಳಲ್ಲಿ ಅರ್ಧ ಆಯುಷ್ಯ ಸವೆಸಿ ಬಂದವನು, ಬೈಂದೂರಿನಲ್ಲಿ ಸಣ್ಣದೊಂದು ಹೋಟೆಲು ತೆರೆಯುವ ಸನ್ನಾಹದಲ್ಲಿದ್ದ. ಫ್ರಿಜ್ಜು, ಗ್ರೈಂಡರು, ಗ್ಯಾಸಿನ ಒಲೆ ಕೊಳ್ಳಲು ಕುಂದಾಪುರದ ಅಂಗಡಿಗೆ ನನ್ನನ್ನೂ ಕರೆದೊಯ್ದ. ಅಲ್ಲಿ ಕಾರ್ಡಿನಲ್ಲಿ ಕೊಟ್ಟರೆ ರಿಯಾಯಿತಿ. ಅವನ ಹತ್ತಿರ ನೋಟಿದೆ, ಕಾರ್ಡಿಲ್ಲ. ನನ್ನ ಹತ್ತಿರ ಕಾರ್ಡಿದೆ, ನೋಟಿಲ್ಲ. ‘ಭಾವ, ನೀವ್ ಕಾರ್ಡ್ ಉಜ್ಜಿ, ದುಡ್ಡ್ ನಾನ್ ಈಗ್ಲೇ ಕೊಡ್ತೆ’ ಎಂದ. ಉಜ್ಜಿದೆ. ಅವನು ಎಣಿಸಿ ಕೊಟ್ಟ ನೋಟಿನ ಕಟ್ಟು ನನ್ನ ಚೀಲದಲ್ಲಿ ಬೆಚ್ಚಗೆ ಕೂತಿತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ನೆಟ್ಟಗೆ ಹಳೆಯ ಕಾರ್ಡಿಗೆ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ನನಗೆ ಬಸ್ಸಿನಲ್ಲಿ, ಸರಿಯಾಗಿ ಹೊಳೆಯ ಸೇತುವೆಯ ಮೇಲೆ, ಜ್ಞಾನೋದಯವಾಯಿತು. ಬಾಕಿಯನ್ನು ಹುಡುಗಿಯ ಕಾರ್ಡಿಗೆ ದಾಟಿಸುವುದು. ನೋಟಿನ ಕಟ್ಟನ್ನು ಊರಿನ ಸೊಸೈಟಿಯಲ್ಲಿ ಠೇವಣಿ ಇಡುವುದು. ಅವರಿಗೆ ಬಡ್ಡಿ ಇಲ್ಲ, ನನಗೆ ಬಡ್ಡಿ ಉಂಟು. ಆರು ತಿಂಗಳಿಗೆ ಠೇವಣಿ ತೆಗೆದು ಅವರ ಬಾಯಿಗೆ ಹಾಕಿದರೆ ಬಡ್ಡಿಯಷ್ಟೂ ಲಾಭ. ಇಷ್ಟು ಸುಲಭದ ಉಪಾಯ ಬ್ಯಾಂಕಿನ ದೊಡ್ಡ ದೊಡ್ಡ ಸಾಹೇಬರಿಗೆ ಹೊಳೆಯದೆ ಹೋಯಿತಲ್ಲ ಎಂದು ಅವರ ಬಗ್ಗೆ ಕನಿಕರವೇ ಆಯಿತು.

ಆ ಲಾಭಕ್ಕೆ ಒಂದು ಗುರಿಯೂ ಇತ್ತು, ಅದು ನಮ್ಮ ದೊಡ್ಡಮ್ಮ. ಅಪ್ಪನ ಅಣ್ಣನ ಹೆಂಡತಿ. ನನ್ನನ್ನು ಎತ್ತಿ ಆಡಿಸಿ, ಬೈದು, ಮಾತು ಕಲಿಸಿ ದೊಡ್ಡವನನ್ನಾಗಿ ಮಾಡಿದವರು. ಈಗಲೂ ಬಾರ್ಕೂರಿನ ನಮ್ಮ ಮನೆಯ ಆಡಳಿತ ಅವರದೇ. ಸುಜಾತ ಅವರ ಪಕ್ಷದವಳು, ನಾನು ವಿರೋಧ ಪಕ್ಷದ ಏಕೈಕ ಸದಸ್ಯ. ದೊಡ್ಡಮ್ಮನ ತಂಗಿ ಸೀತು ಚಿಕ್ಕಿ ಇರುವುದು ಮುಂಬಯಿ ಪಕ್ಕದ ಡೊಂಬಿವಿಲಿಯಲ್ಲಿ. ಚಿಕ್ಕಿಗೆ ಮಂಡಿನೋವು, ಊರಿಗೆ ಬರಲಾಗದು. ಅಕ್ಕತಂಗಿಯರು ದಿನಾ ಫೋನಿನಲ್ಲಿ ಇವತ್ತು ಎಂತ ಪದಾರ್ಥ ಎಂದು ವಿಚಾರಿಸಿಕೊಳ್ಳುತ್ತಾರೆ, ಮುಖ ನೋಡಿ ಮಾತ್ರ ವರ್ಷಗಳೇ ಆಗಿದ್ದವು. ಒಂದು ದಿನ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ದೊಡ್ಡಮ್ಮ, ಮೇಲೆ ಹೋಗುತ್ತಿದ್ದ ವಿಮಾನಕ್ಕೆ ಕೈ ಅಡ್ಡ ಹಿಡಿದು ನೋಡಿ, ‘ಮಾಣಿ, ಅದ್ರಂಗೆ ಕೂತ್ರೆ ಬೆಳಿಗ್ಗೆ ಗಂಜಿ ಉಂಡ್ಕಂಡ್ ಹೊರಟವ್ರ್ ಮಧ್ಯಾಹ್ನದ ಊಟಕ್ ಸೀತು ಮನಿ ಮುಟ್ತ್ರಂಬ್ರ್, ಹೌದಾ?’ ಎಂದು ಕೇಳಿದರು. ಹೌದು ಎಂದೆ. ‘ಹೋಪವ್ರ್ ಹೋಯ್ಲಿ, ನಮ್ಗೆಂತ’ ಎಂದು ಹಪ್ಪಳ ಮಗುಚಿದರು. ಆ ‘ನಮ್ಗೆಂತ’ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಬ್ಯಾಂಕಿನವರ ದುಡ್ಡಿನ ಬಡ್ಡಿಯಲ್ಲಿ ದೊಡ್ಡಮ್ಮನನ್ನು ಹಾರಿಸಬೇಕು, ಟಿಕೇಟು ಕೈಗೆ ಕೊಡುವವರೆಗೆ ಅವರಿಗೆ ಸುಳಿವು ಸಿಗಬಾರದು ಎಂದು ನಿಶ್ಚಯಿಸಿದೆ.

ಸುಜಾತಳಿಗೆ ಮಾತ್ರ ಹೇಳಿದೆ. ಅವಳು ಬೆಂಡೆಕಾಯಿ ಹೆಚ್ಚುತ್ತಾ ಪೂರ್ತಿ ಕೇಳಿ, ‘ಅಷ್ಟ್ ಸುಲಭ ಇದ್ರೆ ಆ ಹುಡ್ಗಿಯೇ ಮಾಡ್ಕಂಬ್ದಿಲ್ಯಾ? ಅದ್ ಎಂತಕೆ ದಿನ ಇಡೀ ಫೋನ್ ಹಿಡ್ಕಂಡ್ ಕೂಕಂಬುದ್?’ ಎಂದಳು. ಹೆಂಗಸರಿಗೆ ಅರ್ಥಶಾಸ್ತ್ರ ತಿಳಿಯದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳುವಷ್ಟು ದಡ್ಡನಲ್ಲ, ಅವಳ ಕೈಯಲ್ಲಿ ಚೂರಿ ಇತ್ತು.

ಹೊಸ ಕಾರ್ಡು ಬಂತು, ಬಾಕಿ ಅದಕ್ಕೆ ದಾಟಿತು, ನೋಟಿನ ಕಟ್ಟು ಸೊಸೈಟಿ ಸೇರಿತು. ಮೊದಲ ಎರಡು ಕಂತುಗಳನ್ನು ಆಫೀಸಿನಲ್ಲಿ ಊಟದ ಹೊತ್ತಿಗೆ ಮೊಬೈಲಿನಲ್ಲೇ ಕಟ್ಟಿದೆ. ಎರಡನೆಯ ತಿಂಗಳು ಒಂದು ಸಣ್ಣ ಎಡವಟ್ಟು. ಹೊಸ ಕಾರ್ಡು ಚಂದವಿದೆಯೆಂದು ಸುಜಾತ ಅದನ್ನೇ ಹಿಡಿದುಕೊಂಡು ಹೋಗಿ ತಿಂಗಳ ಜೀನಸು ತಂದಿದ್ದಳು. ನಾನೇ ಕೊಟ್ಟು ಕಳಿಸಿದ್ದೆ, ಅದು ಬೇರೆ ಮಾತು. ಲೆಕ್ಕ ಬಂದಾಗ ನೋಡಿದರೆ ಅಕ್ಕಿಗೆ, ಈರುಳ್ಳಿಗೆ, ಹಲ್ಲುಜ್ಜುವ ಪೇಸ್ಟಿಗೆ ತಂದ ದಿನದಿಂದಲೇ ಬಡ್ಡಿ ಬಿದ್ದಿದೆ. ದಾಟಿಸಿದ ಬಾಕಿಗೆ ಮಾತ್ರ ಶೂನ್ಯ ಬಡ್ಡಿಯಂತೆ. ಆ ಬಾಕಿ ಮೈಮೇಲೆ ಇರುವಷ್ಟು ದಿನ ಆ ಕಾರ್ಡಿನಲ್ಲಿ ಹೊಸದಾಗಿ ಏನು ಕೊಂಡರೂ, ಸಾಮಾನ್ಯವಾಗಿ ಸಿಗುವ ವಾಯಿದೆ ಸಿಗುವುದಿಲ್ಲವಂತೆ. ಆ ತಿಂಗಳು ನಾನು ಹಲ್ಲುಜ್ಜಿದಾಗೆಲ್ಲ ಬಾಯಲ್ಲಿ ಬಡ್ಡಿಯ ರುಚಿ ಬರುತ್ತಿತ್ತು.

ಮೂರನೆಯ ಕಂತಿನ ಕಡೇ ದಿನ ಶುಕ್ರವಾರ. ಕಾಲೇಜಿನಲ್ಲಿ ಪರೀಕ್ಷಾ ಫೀಸಿನ ನೂಕುನುಗ್ಗಲು. ಕಡೇ ತಾರೀಕು ಮರೆತ ಹುಡುಗರಿಗೆ ದಿನವಿಡೀ ಜವಾಬ್ದಾರಿಯ ಬಗ್ಗೆ ಉಪದೇಶ ಮಾಡಿ ಗಂಟಲು ಕಟ್ಟಿತ್ತು. ಮನೆಗೆ ಬಂದು, ಕಾಲು ತೊಳೆದು, ಚಾ ಕುಡಿಯುವಾಗ ನನ್ನ ಕಂತು ನೆನಪಾಯಿತು. ಜಗಲಿಯಲ್ಲಿ ಕೂತು ಮೊಬೈಲು ತೆರೆದೆ. ಒಳಗೆ ದೊಡ್ಡಮ್ಮ ಆಗತಾನೆ ದೇವರ ದೀಪ ಹಚ್ಚಿ, ಕೈಯೆಣ್ಣೆಯನ್ನು ತಲೆಗೆ ಸವರಿಕೊಳ್ಳುತ್ತಾ ಹೊರಗೆ ಬಂದರು.

‘ಎಂತ ಮಾಡ್ತಿದ್ದೆ ಮಾಣಿ, ಅಷ್ಟ್ ಬಗ್ಗಿ?’

‘ಎಂತ ಇಲ್ಲೆ ದೊಡ್ಡಮ್ಮ, ಒಬ್ರಿಗ್ ದುಡ್ಡ್ ಕೊಡೂಕಿತ್ತ್. ಕಳ್ಸ್ತಿದ್ದೆ.’

‘ದೀಪ ಹಚ್ಚಿ ಆಯ್ತ್. ಶುಕ್ರವಾರ ಬೇರೆ. ಈ ಹೊತ್ತಂಗೆ ಮನಿಯಿಂದ ದುಡ್ಡ್ ಹೊರ್ಗ್ ಹಾಕೂಕ್ ಆತ್ತಾ? ನಾಳೆ ಬೆಳಿಗ್ಗೆ ಕೊಡ್.’

ನಮ್ಮ ಮನೆಯ ಕಾನೂನಿದು. ಮಂಗಳವಾರ, ಶುಕ್ರವಾರ, ಮತ್ತೆ ಯಾವ ದಿನವೇ ಆಗಲಿ ದೀಪ ಹಚ್ಚಿದ ಮೇಲೆ, ದುಡ್ಡು ಹೊಸ್ತಿಲು ದಾಟಬಾರದು. ಲಕ್ಷ್ಮಿ ಹೊರಟು ಹೋಗುತ್ತಾಳೆ. ಪಕ್ಕದ ಮನೆಯವರು ಮುಸ್ಸಂಜೆ ಮೊಸರಿನ ಹೆಪ್ಪು ಕೇಳಿದರೂ ದೊಡ್ಡಮ್ಮ ಕೊಡುವವರಲ್ಲ. ಮೊಬೈಲಿನಲ್ಲಿ ಹೋಗುವ ದುಡ್ಡಿಗೆ ಹೊಸ್ತಿಲು ಎಲ್ಲಿದೆ ಎಂದು ವಾದಿಸಬಹುದಿತ್ತು. ವಾದಿಸಿದರೆ ಯಾರಿಗೆ, ಎಂತಕೆ ಎಂದು ಕೇಳುತ್ತಾರೆ. ವಿಮಾನದ ಗುಟ್ಟು ಒಡೆಯುತ್ತದೆ. ಒಂದು ದಿನದ ಮಾತು, ಬೆಳಿಗ್ಗೆ ಕಟ್ಟಿದರಾಯಿತು ಎಂದು ಮೊಬೈಲು ಮುಚ್ಚಿದೆ.

ಬೆಳಿಗ್ಗೆ ಎದ್ದರೆ ರಘುರಾಮನ ಹೋಟೆಲಿನ ಶುರುವಾತು. ಬೈಂದೂರಿಗೆ ಓಡಿದೆವು. ಗಣಹೋಮ, ಊಟ, ‘ಭಾವ, ಒಂಚೂರ್ ಗಲ್ಲೆ ಮೇಲೆ ಕೂಕಣಿ’ ಎಂದು ಅವನು ದುಡ್ಡಿನ ಪೆಟ್ಟಿಗೆಯ ಮುಂದೆ ಕೂರಿಸಿದ ಗೌರವ, ಇದೆಲ್ಲ ಮುಗಿಸಿ ಮನೆ ಸೇರುವಾಗ ದೀಪ ಹಚ್ಚಿಯಾಗಿತ್ತು. ಭಾನುವಾರ ನೆಂಟರು ಬಂದು, ಕೋಳಿ ಸಾರು ಮುಗಿದು, ಅವರು ಎದ್ದು ಹೋಗುವಾಗಲೂ ದೀಪ ಹಚ್ಚಿಯಾಗಿತ್ತು. ಸೋಮವಾರ ಆಫೀಸಿನಲ್ಲಿ ನೆನಪು ಮಾಡಿಕೊಂಡು ಕೂತರೆ ಬ್ಯಾಂಕಿನ ಆ್ಯಪು ತಿರುಗಿತು, ತಿರುಗಿತು, ಸಂಜೆಯವರೆಗೂ ತಿರುಗುತ್ತಲೇ ಇತ್ತು. ಮಂಗಳವಾರ, ಕೇಳುವುದೇ ಬೇಡ. ಬುಧವಾರ ಯಾವ ದೋಷವೂ ಇಲ್ಲದ ಶುಭ್ರ ಬೆಳಿಗ್ಗೆ, ಮುಖ ತೊಳೆದು, ಪೂರ್ವಕ್ಕೆ ತಿರುಗಿ ಕೂತು ಕಂತು ಕಟ್ಟಿದೆ. ಕಟ್ಟಿದ ಬೆನ್ನಿಗೇ, ತಡವಾದದ್ದಕ್ಕೆ ದಂಡ ಬಿದ್ದಿದೆಯೆಂದು ಬ್ಯಾಂಕಿನ ಸಂದೇಶ ಬಂತು.

ಫೋನಿನ ಹುಡುಗಿಯನ್ನು ಹುಡುಕಿ ಹಿಡಿದೆ. ಅವಳು ಅದೇ ಸಕ್ಕರೆ ದನಿಯಲ್ಲಿ ವಿವರಿಸಿದಳು. ಕಂತು ತಪ್ಪಿದ್ದರಿಂದ ಶೂನ್ಯ ಬಡ್ಡಿಯ ಸವಲತ್ತು ರದ್ದು. ಇನ್ನು ಮುಂದೆ ಉಳಿದ ಬಾಕಿಗೆಲ್ಲ ಮಾಮೂಲು ಬಡ್ಡಿ. ಆ ಮಾಮೂಲು ಬಡ್ಡಿ ಒಂದು ತಿಂಗಳಿಗೆ ತಿನ್ನುವುದನ್ನು ನಮ್ಮ ಸೊಸೈಟಿ ದುಡಿಯಬೇಕಾದರೆ ಹೆಚ್ಚುಕಡಿಮೆ ಅರ್ಧ ವರ್ಷ ಬೇಕು. ಇದರ ಮೇಲೆ ತಡವಾದ ದಂಡ, ದಂಡಕ್ಕೆ ತೆರಿಗೆ. ‘ಅಲ್ಲಮ್ಮಾ, ಶುಕ್ರವಾರ ದೀಪ ಹಚ್ಚಿದ ಮೇಲೆ ನಮ್ಮಲ್ಲಿ ದುಡ್ಡು ಕೊಡುವುದಿಲ್ಲ’ ಎಂದೆ. ಹುಡುಗಿ ದನಿಯ ಸಕ್ಕರೆಯನ್ನು ಸ್ವಲ್ಪ ಇಳಿಸಿದಳು. ಆಮೇಲೆ, ‘ಸರ್, ನಮ್ಮನೆಯಲ್ಲೂ ಕೊಡಲ್ಲ. ಆದರೆ ಸಿಸ್ಟಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ ಸರ್’ ಎಂದಳು. ಪಾಪ, ಒಳ್ಳೆಯ ಹುಡುಗಿ. ಸೊಸೈಟಿಗೆ ಹೋಗಿ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿದೆ. ಅವಧಿಗೆ ಮೊದಲು ಮುರಿದರೆ ಬಡ್ಡಿಯಲ್ಲಿ ಕಡಿತ. ಅದರಿಂದ ಬಾಕಿಯಷ್ಟನ್ನೂ ತೀರಿಸಿ, ಶುಲ್ಕ, ದಂಡ, ತೆರಿಗೆ, ಈರುಳ್ಳಿಯ ಬಡ್ಡಿ ಎಲ್ಲ ಕೂಡಿಸಿ ನೋಡಿದರೆ, ಲಾಭ ಹಾಗಿರಲಿ, ಒಂದು ವಿಮಾನದ ಟಿಕೇಟಿನಷ್ಟು ನನ್ನ ಸಂಬಳದಿಂದಲೇ ಹಾರಿಹೋಗಿತ್ತು. ವಿಮಾನ ಹಾರಿದ್ದು ನಿಜ, ಒಳಗೆ ದೊಡ್ಡಮ್ಮ ಇರಲಿಲ್ಲ ಅಷ್ಟೆ.

ಮುಖ ಬಾಡಿಸಿಕೊಂಡು ಊಟಕ್ಕೆ ಕೂತವನನ್ನು ದೊಡ್ಡಮ್ಮ ಬಿಡುವವರೇ? ‘ಎಂತಾಯ್ತ್?’ ಎಂದರು. ‘ಎಂತ ಇಲ್ಲೆ’ ಎಂದೆ. ‘ಸುಜಾತಾ, ಇವಂಗ್ ಎಂತಾಯ್ತ್?’ ಎಂದರು. ನನ್ನ ಹೆಂಡತಿ ಎರಡು ಸಲ ಕೇಳಿಸಿಕೊಳ್ಳುವ ಜಾತಿಯಲ್ಲ. ಫ್ರಿಜ್ಜಿನಿಂದ ಹಿಡಿದು ವಿಮಾನದವರೆಗೆ ಎಲ್ಲವನ್ನೂ ಮೀನು ಬಡಿಸುತ್ತಾ ಬಡಿಸುತ್ತಾ ಹೇಳಿ ಮುಗಿಸಿದಳು. ದೊಡ್ಡಮ್ಮ ಸಾರಿನ ಪಾತ್ರೆಯ ಮುಚ್ಚಳ ಮುಚ್ಚಿದರು, ಮತ್ತೆ ತೆಗೆದರು. ತಮ್ಮ ಶುಕ್ರವಾರದಿಂದಲೇ ಹೀಗಾಯಿತೆಂದು ನೊಂದುಕೊಂಡರೇನೋ ಎಂದು ನನಗನ್ನಿಸಿತು. ‘ನಿಮ್ದೆಂತ ತಪ್ಪಿಲ್ಲೆ ದೊಡ್ಡಮ್ಮ’ ಎಂದು ಸಮಾಧಾನಕ್ಕೆ ಹೊರಟೆ.

‘ನಂದ್ ತಪ್ಪ್ ಎಂತಕೆ ಆತ್ತ್?’ ಎಂದರು ದೊಡ್ಡಮ್ಮ. ‘ನಾನ್ ಕೊಡೂಕಾಗ ಅಂದದ್ ಕೈಗಡ ಕೊಡೂಕೆ. ನೀನ್ ಒಬ್ರಿಗ್ ಕೊಡೂಕಿತ್ತ್ ಅಂದೆ, ಯಾರಿಗೋ ಕೈಗಡ ಅಂದ್ಕಂಡೆ ನಾನ್. ತಕಂಡದ್ನ್ ತಿರ್ಗಿ ಕೊಡೂಕೆ ವಾರ ಎಂತಕ್ ಕಾಂಬುದ್ ಮಾಣಿ? ಸಾಲ ಮನಿಯಿಂದ ಹೊರ್ಗ್ ಹೋರೆ ಲಕ್ಷ್ಮಿಗ್ ಖುಷಿಯೇ ಅಲ್ದಾ? ಬಾಯ್ ಬಿಟ್ಟ್ ಹೇಳಿದ್ರೆ ನಾನೇ ದೀಪದ ಎದ್ರಿಗ್ ಕೂರ್ಸಿ ಕಟ್ಸ್ತಿದ್ದೆ.’

ಮನೆಯ ಕಾನೂನಿನಲ್ಲೂ ಸಣ್ಣ ಅಕ್ಷರದ ಷರತ್ತುಗಳಿರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಬ್ಯಾಂಕಿನದನ್ನು ಓದಿರಲಿಲ್ಲ, ದೊಡ್ಡಮ್ಮನದನ್ನು ಕೇಳಿರಲಿಲ್ಲ. ಎರಡು ಕಡೆಯೂ ನಾನೇ ಜಾಣನೆಂದು ನಂಬಿ ಕೂತಿದ್ದೆ. ಊಟ ಮುಗಿದ ಮೇಲೆ ದೊಡ್ಡಮ್ಮ ನನ್ನ ಪಕ್ಕ ಬಂದು ಕೂತು, ದನಿ ತಗ್ಗಿಸಿ, ‘ಹೌದಾ ಮಾಣಿ, ಖರೇನೂ ವಿಮಾನದಂಗೇ ಕರ್ಕಂಡ್ ಹೋಪುಕಿದ್ಯಾ?’ ಎಂದು ಕೇಳಿದರು. ಹೂಂ ಎಂದೆ. ಅವರು ನನ್ನ ತಲೆಗೆ ಎರಡು ಬೆರಳಿನಿಂದ ಮೊಟಕಿದರು. ಬೆರಳಲ್ಲಿ ಇನ್ನೂ ದೀಪದ ಎಣ್ಣೆಯ ವಾಸನೆ ಇತ್ತು.

ಕೊನೆಗೆ ರೈಲಿನಲ್ಲಿ ಹೋದೆವು. ಬಾರ್ಕೂರಿನಲ್ಲಿ ಹತ್ತಿ, ಬೈಂದೂರಿನಲ್ಲಿ ರಘುರಾಮ ಕಿಟಕಿಯಿಂದ ಕೊಟ್ಟ ಬುತ್ತಿ ಇಸಿದುಕೊಂಡು, ಸುರಂಗ ಬಂದಾಗಲೆಲ್ಲ ದೊಡ್ಡಮ್ಮ ನನ್ನ ಕೈ ಹಿಡಿದುಕೊಳ್ಳುತ್ತಾ ಡೊಂಬಿವಿಲಿ ಮುಟ್ಟಿದೆವು. ಅಕ್ಕತಂಗಿ ಒಬ್ಬರ ಮುಖ ಒಬ್ಬರು ತಡವಿಕೊಂಡು, ‘ಎಂತ ಸಪುರ ಆಯಿದೆ ಹೆಣೆ’ ಎಂದು ಸೊರಗಿದ್ದಕ್ಕೆ ಇಬ್ಬರೂ ಒಟ್ಟಿಗೇ ಬೈದುಕೊಂಡರು. ಆಮೇಲೆ ದೊಡ್ಡಮ್ಮ ಆ ಕಟ್ಟಡದ ಮೂರು ಮಾಳಿಗೆಗೂ ಕೇಳುವ ಹಾಗೆ ಕಥೆ ಹೇಳಿದರು. ‘ನಮ್ಮ ಮಾಣಿ ನನ್ನ ವಿಮಾನದಂಗೆ ಕರ್ಕಂಡ್ ಬಪ್ಪುಕೆ ದುಡ್ಡೆಲ್ಲ ಹೊಂದ್ಸಿದ್ದ. ನಡುವಲ್ಲಿ ಬ್ಯಾಂಕಿನವ್ರ್ ತಿಂದ್ರ್. ಆ ಕಾರ್ಡಿನ ಹೆಣ್ಣೇ ನಮ್ ದುಡ್ಡಂಗ್ ವಿಮಾನ ಹತ್ತಿತೋ ಏನೋ. ಹೋಯ್ಲಿ, ಅದೂ ಯಾರೋ ಮನಿ ಮಗು.’ ಕೇಳಿದವರೆಲ್ಲ ನನ್ನನ್ನು ಗೌರವದಿಂದ ನೋಡಿದರು. ನಷ್ಟ ಮಾಡಿಕೊಂಡು ಇಷ್ಟು ಮರ್ಯಾದೆ ನಾನು ಹಿಂದೆಂದೂ ಗಳಿಸಿರಲಿಲ್ಲ.

ಊರಿಗೆ ಬಂದು ಕೆಲವು ದಿನಗಳಾಗಿದ್ದವು. ಒಂದು ಸಂಜೆ ಜಗಲಿಯಲ್ಲಿ ಕೂತಿದ್ದಾಗ ಫೋನು ಬಂತು. ಅದೇ ದನಿ. ನನಗೆಂದೇ ಒಂದು ವಿಶೇಷ ಸವಲತ್ತು ಇದೆಯಂತೆ, ಈ ಸಲ ಶುಲ್ಕವೂ ಇಲ್ಲವಂತೆ. ನನ್ನ ಬುದ್ಧಿ ಆಗಲೇ ಅಂಗಳಕ್ಕೆ ಇಳಿದಿತ್ತು. ಒಳಗೆ ಬತ್ತಿ ಹೊಸೆಯುತ್ತಿದ್ದ ದೊಡ್ಡಮ್ಮನಿಗೆ ನನ್ನ ದನಿಯ ಮೆತುವಿನಲ್ಲೇ ವಿಷಯ ತಿಳಿದಿರಬೇಕು, ‘ಯಾರ್ ಮಾಣಿ? ಆ ಹೆಣ್ಣಾ?’ ಎಂದರು. ಈ ಸಲ ಮುಚ್ಚಿಡುವುದು ಬೇಡವೆಂದು ಫೋನಿಗೆ ಕೈ ಅಡ್ಡ ಇಟ್ಟು ನೇರವಾಗಿಯೇ ಕೇಳಿದೆ: ‘ದೊಡ್ಡಮ್ಮ, ಸಾಲ ತಿರ್ಗಿ ಕೊಡೂಕೆ ಯಾವ ವಾರವೂ ಅಡ್ಡಿಲ್ಲೆ ಅಂದ್ರಿ. ತಕಂಬುಕೆ ಯಾವ ವಾರ ಅಡ್ಡಿ? ಯಾವ ವಾರ ಆಗ?’

‘ನಿಂಗಾ? ಏಳೂ ವಾರ ಆಗ’ ಎಂದರು ದೊಡ್ಡಮ್ಮ, ಬತ್ತಿಯಿಂದ ಕಣ್ಣೆತ್ತದೆ.

ಎಂಟನೆಯ ವಾರ ಯಾವುದಾದರೂ ಬಂದರೆ ದಯವಿಟ್ಟು ಫೋನ್ ಮಾಡಮ್ಮ ಎಂದು ಹುಡುಗಿಗೆ ಹೇಳಿದೆ. ಅವಳು ಮಹಾ ವಿನಯದವಳು, ‘ಖಂಡಿತ ಸರ್, ಎಷ್ಟು ಹೊತ್ತಿಗೆ ಮಾಡಲಿ?’ ಎಂದು ಕೇಳಿದಳು. ಒಳಗೊಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿ, ದೀಪ ಹಚ್ಚುವುದಕ್ಕೆ ಸ್ವಲ್ಪ ಮೊದಲು ಎಂದೆ.