ಕಂಪ್ಯೂಟರಿಗೆ ಹೊರಗಿನ ಗಂಟಲು

ನಾನು ಯಾವ ಕೆಲಸಕ್ಕೂ ಅವಸರ ಮಾಡುವವನಲ್ಲ. ಪೂಜೆ ಮುಗಿಯದೆ ನೀರು ಕುಡಿಯುವುದಿಲ್ಲ, ಎರಡು ಸಲ ಯೋಚಿಸದೆ ಸ್ವಿಚ್ಚು ಒತ್ತುವುದಿಲ್ಲ. ಆದರೂ ನಾನು ಎಲ್ಲಿಗೆ ಹೋದರೂ ನಗೆಪಾಟಲು ನನಗಿಂತ ಮೊದಲೇ ಹೋಗಿ ಚಾಪೆ ಹಾಸಿಕೊಂಡು ಕೂತಿರುತ್ತದೆ. ಈಚೆಗೆ ಅದು ಕೂತದ್ದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕರಿ ಡಬ್ಬಿಯ ಮೇಲೆ.

ಮೌಸ್ ಬದಲಾಯಿಸಿದ್ದು

ಮೊದಲು ಕಾರಣ ಹೇಳಬೇಕು. ನಮ್ಮ ಅಪ್ಪ ಶಿಕಾರಿಪುರದ ಗುಡಿಯೊಂದರಲ್ಲಿ ಸೋಮವಾರದ ಭಜನೆಯನ್ನು ಬಹಳ ವರ್ಷ ನಡೆಸಿದವರು. ಅವರು ಹಾಡಿದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿದೆ. ಅದರ ಕೊನೆಗೆ, ಮಂಗಳಾರತಿ ಮುಗಿದ ಮೇಲೆ, ಅಪ್ಪ ಪಕ್ಕದಲ್ಲಿ ಕೂತಿದ್ದ ನಮ್ಮ ಅಕ್ಕನಿಗೆ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಾರೆ. ಏನೆಂದು ತಿಳಿಯುವುದಿಲ್ಲ. ನಮ್ಮ ಹಳೆಯ ಟೇಪ್ ರೆಕಾರ್ಡರಿನಲ್ಲಿ ಅದು ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತಿತ್ತು. ಆ ದಿನ ನಾನು ಹಿಂದಿನ ಸಾಲಿನಲ್ಲಿ ತಾಳ ಹಿಡಿದು ಕೂತಿದ್ದೆ, ನನಗೂ ಕೇಳಿಸಿರಲಿಲ್ಲ. ಆದರೆ ಅಪ್ಪ ಮಾತಾಡುತ್ತಾ ನನ್ನ ಕಡೆ ಕೈ ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ನನಗೆ ಅಷ್ಟು ಸಾಕಾಯಿತು. ತಮ್ಮ ನಂತರ ಭಜನೆಯನ್ನು ಇವನು ನಡೆಸಲಿ ಎಂದು ಅಪ್ಪ ಆಶೀರ್ವಾದ ಮಾಡಿದರೆಂದು ನಾನೇ ತೀರ್ಮಾನಿಸಿದೆ. ಅವರು ಶಿವಪಾದ ಸೇರಿದ ಮೇಲೆ ಮುಂದಿನ ಸಾಲಿಗೆ ಬಂದು ಕೂತೆ. ಮೂವತ್ತು ವರ್ಷದಿಂದ ನಾನು ಹೇಳಿಕೊಟ್ಟದ್ದನ್ನೇ ಉಳಿದವರು ಹಾಡುತ್ತಿದ್ದಾರೆ.

ಸೊರಬಕ್ಕೆ ಕೊಟ್ಟ ಅಕ್ಕನನ್ನು ಆ ಮಾತು ಏನೆಂದು ಕೇಳಿದಾಗಲೆಲ್ಲ ಅವಳು, "ಅಪ್ಪ ಎಂತದೋ ಅಂದ್ರು, ಬಿಡು ಮಾರಾಯ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅಳು ತಡೆದುಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ಒತ್ತಾಯ ಮಾಡುತ್ತಿರಲಿಲ್ಲ.

ಈಚೆಗೆ ನಮ್ಮ ಹಾರ್ಮೋನಿಯಂ ಮೇಷ್ಟ್ರು, ಹೇಳಿಕೊಡುವವರನ್ನು ಒಂದು ಸಲ ಬದಲಾಯಿಸಿ ನೋಡಬಹುದಲ್ಲ ಎಂದು ಎರಡು ಸೋಮವಾರ ಮಾತು ತೆಗೆದರು. ಅಪ್ಪನ ಸ್ಮರಣೆಯ ದಿನ ಈ ಸಲ ಸೊರಬದಲ್ಲಿ, ಅಕ್ಕನ ಮನೆಯಲ್ಲಿ. ಭಜನೆಯವರೆಲ್ಲ ಬರುವವರಿದ್ದರು. ಅವರೆದುರಿಗೆ ಅಪ್ಪನ ಬಾಯಿಂದಲೇ ಆ ಆಶೀರ್ವಾದ ಕೇಳಿಸಿಬಿಟ್ಟರೆ ಮೇಷ್ಟ್ರ ಮಾತು ಅಲ್ಲಿಗೆ ಮುಗಿಯಿತು ಎಂದು ನನ್ನ ಲೆಕ್ಕಾಚಾರ.

ಶಿವಮೊಗ್ಗಕ್ಕೆ ಹೋಗಿ ಕ್ಯಾಸೆಟ್ಟನ್ನು ನನ್ನ ಮಡಚುವ ಕಂಪ್ಯೂಟರಿಗೆ ತುಂಬಿಸಿಕೊಂಡು ಬಂದೆ. ಎರಡು ಸಣ್ಣ ಸ್ಪೀಕರ್ ಸಿಕ್ಕಿಸಿ ಹಚ್ಚಿದರೆ ಅಪ್ಪನ ದನಿಯ ಹಿಂದೆ ಜೇನುಗೂಡಿನಂಥ ಗುಂಯ್. ಅದರ ಮೇಲೆ, ಮೌಸ್ ಕದಲಿಸಿದರೆ ಸಾಕು, ಸ್ಪೀಕರಿನಲ್ಲಿ ಕಿರ್ರೆನ್ನುತ್ತಿತ್ತು. ಮೌಸು ಹಳೆಯದಾಗಿ ಕಿರುಗುಟ್ಟುತ್ತಿದೆ ಎಂದು ನಾನು ಹೊಸ ಮೌಸ್ ತಂದೆ. ಅದು ಹಳೆಯದಕ್ಕಿಂತ ಸ್ಪಷ್ಟವಾಗಿ ಕಿರ್ರೆಂದಿತು.

ನಮ್ಮ ಭಜನೆಗೆ ಮೈಕ್ ಸೆಟ್ ಹಾಕುವವನ ಹತ್ತಿರ ಹೋಗಿ ದೂರು ಹೇಳಿದೆ. ಅವನು ಕೇಳಿ, ಕಂಪ್ಯೂಟರಿನೊಳಗೆ ಹಾಡು ಇರುವುದು ಬರೀ ಅಂಕಿಯಾಗಿ, ಅದನ್ನು ದನಿ ಮಾಡುವ ಸಾಮಾನು ಒಳಗೆ ಉಳಿದ ಯಂತ್ರಗಳ ಗದ್ದಲದ ನಡುವೆ ಕೂತಿರುತ್ತದೆ, ಆ ಗದ್ದಲವೂ ಹಾಡಿನ ಜೊತೆ ಹೊರಗೆ ಬರುತ್ತದೆ, ಅದೇ ಕೆಲಸವನ್ನು ಹೊರಗೆ ಕೂತು ಮಾಡುವ ಡ್ಯಾಕ್ ಎಂಬ ಡಬ್ಬಿ ಸಿಗುತ್ತದೆ ಎಂದ. ಅಂದರೆ ಹೊರಗಿನ ಗಂಟಲು ಎಂದು ನಾನು ತಿಳಿದುಕೊಂಡೆ. ಹೊರಡುವಾಗ, ಮೌಸಿಗೆ ಎಣ್ಣೆ ಗಿಣ್ಣೆ ಬಿಟ್ಟಿಲ್ಲ ತಾನೆ ಎಂದು ಕೇಳಿದ. ಇಲ್ಲ ಎಂದೆ. ಹಳೆಯದಕ್ಕೆ ಬಿಟ್ಟಿದ್ದೆ.

ದೀಕ್ಷೆ

ಡಬ್ಬಿ ಬಂತು. ನಮ್ಮ ಮನೆಯಲ್ಲಿ ಪೂಜೆಯಾಗದೆ ಯಾವ ಹೊಸ ವಸ್ತುವನ್ನೂ ಬಳಸುವ ಪದ್ಧತಿಯಿಲ್ಲ. ಕುಕ್ಕರಿಗೂ ಆಗಿದೆ, ಗೇಟಿನ ಬೀಗಕ್ಕೂ ಆಗಿದೆ. ಡಬ್ಬಿಯನ್ನು ದೇವರ ಮುಂದಿಟ್ಟು, ವಿಭೂತಿ ಕಲಸಿ ಮೂರು ಬೆರಳಿನಿಂದ ಎಳೆದೆ. ಬೊಟ್ಟು ಎಲ್ಲಿಡುವುದು ಎಂದು ನೋಡಿದರೆ ಮುಖದ ನಡುವೆ ಸರಿಯಾಗಿ ಒಂದು ಗುಂಡು ತೂತು, ಬೊಟ್ಟಿಗೆಂದೇ ಮಾಡಿದಂತಿತ್ತು. ಕುಂಕುಮ ಅಲ್ಲಿಗೆ ಒತ್ತಿದೆ. ಹಿಂಭಾಗದ ಉದ್ದ ತೂತಿಗೂ ಪಕ್ಷಪಾತ ಬೇಡವೆಂದು ಗಂಧ ಇಟ್ಟೆ. ಮಾರನೇ ದಿನ ವೈರು ಚುಚ್ಚಲು ಹೋದರೆ ಒಂದು ಕಡೆಯೂ ಒಳಗೆ ಹೋಗುತ್ತಿಲ್ಲ.

ಮೈಕ್ ಸೆಟ್ಟಿನವನು ಟಾರ್ಚ್ ಬಿಟ್ಟು ತೂತಿನೊಳಗೆ ನೋಡಿದ. ನನ್ನ ಹಣೆ ನೋಡಿದ. ಮತ್ತೆ ತೂತು ನೋಡಿದ. ಹಲ್ಲುಕಡ್ಡಿ ತಗೊಂಡು ಅರ್ಧ ಗಂಟೆ ಕೆರೆದು, ಕಾಗದದ ಮೇಲೆ ಸಣ್ಣ ಗುಡ್ಡೆ ಮಾಡಿ ನನ್ನ ಮುಂದೆ ಸರಿಸಿದ.

"ಧೂಳು ಕೂತ ಡಬ್ಬಿ ನೋಡೀನಿ, ಜಿರಳೆ ಸಂಸಾರ ಮಾಡಿದ ಡಬ್ಬಿ ನೋಡೀನಿ. ದೀಕ್ಷೆ ತಗೊಂಡ ಡಬ್ಬಿ ಇದೇ ಮೊದಲು ನೋಡ್ರಿ."

ಅದು ಪೂಜೆಯ ಕುಂಕುಮ, ಗಂಧವಾದ್ದರಿಂದ ಬಿಸಾಡಲು ಮನಸ್ಸಾಗಲಿಲ್ಲ. ಪೊಟ್ಟಣ ಕಟ್ಟಿಸಿಕೊಂಡು ಬಂದೆ.

ಸ್ವಚ್ಛ ದನಿ

ಮನೆಗೆ ಬಂದರೆ ಡಬ್ಬಿಯ ಜೊತೆ ಬಂದಿದ್ದ ವೈರು ಇಲ್ಲ. ಚುಚ್ಚಲಾಗದ ವೈರನ್ನು ದೇವರ ಮುಂದೆ ಇಟ್ಟಿದ್ದೆ; ಹೊರಡುವ ಮುಂಚೆ ದೇವರ ಮೇಲಿನ ಹೂವು ತೆಗೆದು ಬಾಳೆಗಿಡದ ಬುಡಕ್ಕೆ ಹಾಕಿದವನು ನಾನೇ, ಜೊತೆಗೆ ಅದೂ ಹೋಗಿತ್ತು. ಅಲ್ಲಿ ಅದು ಇಷ್ಟೊತ್ತಿಗೆ ನೆನೆದಿರುತ್ತದೆ ಎಂದು ಮೊಬೈಲಿನ ಚಾರ್ಜರ್ ವೈರಿನಿಂದಲೇ ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಸ್ಪೀಕರುಗಳನ್ನು ಡಬ್ಬಿಗೆ ಚುಚ್ಚಿದೆ. ಡಬ್ಬಿಯಲ್ಲಿ ನೀಲಿ ದೀಪ ಹತ್ತಿತು. ನನಗೆ ದೀಪ ಹತ್ತಿದರೆ ಅರ್ಧ ಪೂಜೆ ಆದಂತೆ. ಕೈಮುಗಿದೆ.

ಮೂರು ದಿನ ಭಜನೆಯಷ್ಟೇ ಕೇಳಿದೆ. ದಿನದಿನಕ್ಕೂ ದನಿ ತಿಳಿಯಾಗುತ್ತಿರುವಂತೆ ಅನ್ನಿಸಿತು. ಹೆಂಡತಿಯನ್ನು ಕೂರಿಸಿಕೊಂಡು, ತಾಳದ ಅಂಚು ಕೇಳು, ಅಪ್ಪ ಉಸಿರು ಎಳೆದುಕೊಳ್ಳುವುದು ಕೇಳು ಎಂದು ಪಾಠ ಮಾಡಿದೆ. ಅವಳು ಕೇಳುತ್ತಿದ್ದೇನೆ ಎಂದಳು. ಮೂರನೇ ದಿನ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು, ಈ ಡಬ್ಬಿ ಇಲ್ಲದಿದ್ದರೆ ಇಂಥ ಸ್ವಚ್ಛ ದನಿ ಈ ಜನ್ಮದಲ್ಲಿ ಕೇಳುತ್ತಿರಲಿಲ್ಲ ಎಂದೆ.

"ಕಣ್ಣು ಬಿಡ್ರಿ," ಎಂದಳು ಹೆಂಡತಿ.

ಬಿಟ್ಟೆ. ಕಸ ಗುಡಿಸುವಾಗ ಅವಳು ಡಬ್ಬಿ, ಸ್ಪೀಕರ್ ಎರಡನ್ನೂ ಕಿತ್ತು ಕಿಟಕಿಯ ಮೇಲೆ ಇಟ್ಟಿದ್ದಳು. ಅಪ್ಪ ಏನೂ ಆಗದವರಂತೆ ಕಂಪ್ಯೂಟರಿನ ಹೊಟ್ಟೆಯೊಳಗಿಂದಲೇ ಹಾಡುತ್ತಿದ್ದರು.

ಆ ವೈರು ಬರೀ ಕರೆಂಟ್ ಒಯ್ಯುವಂಥದ್ದು, ಹಾಡು ಅದರಲ್ಲಿ ಹರಿಯುವುದಿಲ್ಲ ಎಂದು ಮೈಕ್ ಸೆಟ್ಟಿನವನು ಬೇರೆ ವೈರು ಕೊಟ್ಟ. ದನಿ ಹೊರಡಬೇಕಾದ್ದು ಡಬ್ಬಿಯಿಂದ ಎಂದು ಕಂಪ್ಯೂಟರಿನಲ್ಲೂ ಆರಿಸಿ ತೋರಿಸಿದ. ಆಮೇಲೆ ಹಚ್ಚಿದರೆ ಗುಂಯ್ ಇಲ್ಲ, ಕಿರ್ ಇಲ್ಲ, ಅಪ್ಪ ಎದುರಿಗೇ ಬಂದು ಕೂತ ಹಾಗಾಯಿತು. ಒಂದು ಭಜನೆ ಕೇಳಿ ನಿಲ್ಲಿಸಿಬಿಟ್ಟೆ. ಕೊನೆಯ ಮಾತನ್ನು ಒಬ್ಬನೇ ಕೇಳುವುದು, ಹಂಚುವ ಮೊದಲೇ ಪ್ರಸಾದ ತಿಂದಂತಾಗುತ್ತದೆ ಎನ್ನಿಸಿತು. ಹೆಂಡತಿ, ಒಂದು ಸಲ ಕೇಳಿಕೊಂಡು ಹೋಗುವುದು ಒಳ್ಳೆಯದಲ್ಲವಾ ಎಂದಳು. ಭಕ್ತಿ ಇರುವವರು ಪರೀಕ್ಷೆ ಮಾಡುವುದಿಲ್ಲ ಎಂದು ನಾನು ಹೇಳಿದೆ.

ಸೊರಬದಲ್ಲಿ ಆಶೀರ್ವಾದ

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಕಂಪ್ಯೂಟರನ್ನು ತೊಡೆಯ ಮೇಲೆ, ಡಬ್ಬಿಯನ್ನು ಅಂಗಿಯ ಎದೆಜೇಬಿನಲ್ಲಿ ಇಟ್ಟುಕೊಂಡು ಹೆಂಡತಿಯೊಡನೆ ಸೊರಬಕ್ಕೆ ಹೋದೆ. ಅಕ್ಕನ ಮನೆಯ ಪಡಸಾಲೆಯಲ್ಲಿ ಅಪ್ಪನ ಫೋಟೋಕ್ಕೆ ಹಾರ ಹಾಕಿ, ಎಡೆ ಇಟ್ಟಾಗಿತ್ತು. ಭಜನೆಯವರೆಲ್ಲ ಕೂತಿದ್ದರು, ಮೇಷ್ಟ್ರು ಎಲ್ಲರಿಗಿಂತ ಮುಂದೆ. ವೈರು ಹಿಡಿದುಕೊಂಡ ನನ್ನನ್ನು ನೋಡಿ ಅಕ್ಕ ಹತ್ತಿರ ಬಂದು, "ಭಜನೆಯಷ್ಟೇ ಕೇಳ್ಸು ಸಾಕು. ಕೊನೇದು ಎಂತಕ್ಕೆ?" ಎಂದಳು. ಇವತ್ತಾದರೂ ಎಲ್ಲರಿಗೂ ತಿಳಿಯಲಿ ಅಕ್ಕ ಎಂದೆ. ಅವಳು ಹೋಗಿ ಕಂಬಕ್ಕೆ ಒರಗಿ ಕೂತು ಸೆರಗು ಬಾಯಿಗಿಟ್ಟುಕೊಂಡಳು.

ನಾನು ಎದ್ದು ನಿಂತು ಎರಡು ಮಾತಾಡಿದೆ. ಈ ಭಜನೆಯ ಹೊಣೆ ನಾನಾಗಿ ತೆಗೆದುಕೊಂಡದ್ದಲ್ಲ, ಅದನ್ನು ಕೊಟ್ಟವರು ಯಾರೆಂದು ಈಗ ಕೇಳಿ ಎಂದು ಮೇಷ್ಟ್ರ ಕಡೆ ನೋಡಿಕೊಂಡೇ ಹೇಳಿದೆ. ಹಚ್ಚಿದೆ. ಡಬ್ಬಿಯ ನೀಲಿ ದೀಪ ಹತ್ತಿತು. ಮಂಗಳಾರತಿ ಮುಗಿಯಿತು, ಗಂಟೆ ನಿಂತಿತು. ಅಪ್ಪ ಕೆಮ್ಮಿದ್ದು ಕೇಳಿತು. ಆಮೇಲೆ ಮಾತು, ಒಂದು ಅಕ್ಷರವೂ ಬಿಡದೆ:

"ನೋಡವ್ವಾ, ಬರೋ ಸೋಮವಾರದಿಂದ ತಾಳ ನೀನು ಹಿಡಿ. ಹಿಂದೆ ಕೂತಾನಲ್ಲ ನಿನ್ನ ತಮ್ಮ, ಅವನಿಗೆ ದೀಪದ ಎಣ್ಣೆ ನೋಡ್ಕೋ ಅಂತ ಹೇಳು. ಜೊತೆಗೆ ಹಾಡಿಕೊಂಡ್ರೂ ತೊಂದ್ರೆ ಇಲ್ಲ, ದೀಪಕ್ಕೆ ಕಿವಿ ಇಲ್ಲ. ಆದ್ರೆ ಮೆಲ್ಲಗೆ ಹೇಳು, ನೊಂದ್ಕೊಂಡಾನು."

ಮೇಷ್ಟ್ರು ಅಪ್ಪನ ಫೋಟೋಕ್ಕೆ ಎರಡೂ ಕೈ ಎತ್ತಿ ಮುಗಿದರು. ಅಷ್ಟು ಭಕ್ತಿಯಿಂದ ಅವರು ಕೈ ಮುಗಿದದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ, "ಇನ್ನೊಂದು ಸಲ ಹಾಕ್ರಿ," ಎಂದರು.

ನಾನು ಅಕ್ಕನ ಕಡೆ ತಿರುಗಿದೆ. ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಅದು ಅಳುವಲ್ಲ ಎಂದು ಈಗ ಗೊತ್ತಾಯಿತು. ಯಾಕಕ್ಕಾ, ಇಷ್ಟು ವರ್ಷ ಹೇಳಲಿಲ್ಲ ಎಂದು ಕೇಳಿದೆ.

"ಮೆಲ್ಲಗೆ ಹೇಳು ಅಂದಿದ್ರಲ್ಲ," ಎಂದಳು ಅಕ್ಕ. "ಎಷ್ಟು ಮೆಲ್ಲಗೆ ಅಂತ ಯೋಚನೆ ಮಾಡ್ತಾ ಮೂವತ್ತು ವರ್ಷ ಆಗೋಯ್ತು."

ಮೊದಲು ನಕ್ಕವಳು ನನ್ನ ಹೆಂಡತಿ. ಆಮೇಲೆ ಎಲ್ಲರೂ. ಕೊನೆಗೆ ನನಗೂ ತಡೆಯಲಾಗಲಿಲ್ಲ. ನೊಂದುಕೊಂಡಾನು ಎಂದು ಅಪ್ಪ ಯೋಚಿಸಿದ್ದರಲ್ಲ, ಅದೇ ನನಗೆ ದೊಡ್ಡ ಆಶೀರ್ವಾದ ಎಂದುಕೊಂಡು ತಾಳವನ್ನು ಅಲ್ಲೇ ಮೇಷ್ಟ್ರ ಮುಂದಿಟ್ಟೆ.

ಈಗ ಸೋಮವಾರ ಬೇರೆಯವರು ಹೇಳಿಕೊಡುತ್ತಾರೆ. ನಾನು ದೀಪದ ಪಕ್ಕ ಕೂತು ಎಣ್ಣೆ ನೋಡಿಕೊಳ್ಳುತ್ತೇನೆ. ಅಪ್ಪನ ಅಪ್ಪಣೆ ಇದೆಯಲ್ಲ ಎಂದು ಸಣ್ಣಗೆ ಹಾಡಿಕೊಳ್ಳುತ್ತೇನೆ. ಹೋದ ವಾರ ನಾನು ಸ್ವಲ್ಪ ದನಿ ಏರಿಸಿದಾಗ ದೀಪ ಆರಿಹೋಯಿತು. ಗಾಳಿ ಎಂದು ಹೇಳಿ ಮತ್ತೆ ಹಚ್ಚಿದೆ. ಎರಡನೇ ಸಲ ದನಿ ಏರಿಸಿದಾಗ ಮತ್ತೆ ಆರಿತು. ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಎದ್ದು, ಗುಡಿಯ ಕಿಟಕಿ ಎರಡನ್ನೂ ತಳ್ಳಿ ನೋಡಿ ಬಂದು ಕೂತರು. ಎರಡೂ ಮುಚ್ಚಿದ್ದವು.