ಮೂವತ್ತೆರಡು ಸಲ

ಎಲ್ಲದಕ್ಕೂ ಮೂಲ ಕೆಳದವಡೆಯ ಎಡಭಾಗದ ಕೊನೆಯ ಹಲ್ಲು. ಅದು ಮೂರು ವಾರದಿಂದ ನೋಯುತ್ತಿತ್ತು. ಹಲ್ಲು ನೋಯುವವನು ನಿಧಾನವಾಗಿ ಅಗಿಯುತ್ತಾನೆ. ಅದರಲ್ಲಿ ಹೊಗಳುವಂಥದ್ದೇನೂ ಇಲ್ಲ. ಆದರೂ ಅದೇ ಕಾರಣಕ್ಕೆ ಮುದ್ರೆ ಗುಮಾಸ್ತನನ್ನು ಇಡೀ ಕಚೇರಿಯೆದುರು ಹೊಗಳಲಾಗಿತ್ತು.

ಅದು ಅಂಗಡಿಗಳ ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸುವ ಕಚೇರಿ. ಸರಿಯಿದ್ದ ತೂಕಕ್ಕೆ ಮುದ್ರೆ ಒತ್ತುವುದು ಅವನ ಕೆಲಸ. ಎರಡು ತಿಂಗಳ ಹಿಂದೆ ಬಂದ ಹೊಸ ಸಾಹೇಬರು ಮೊದಲ ದಿನವೇ ತಮ್ಮ ಡಬ್ಬಿಯೊಂದಿಗೆ ಸಿಬ್ಬಂದಿಯ ಊಟದ ಮೇಜಿಗೆ ಬಂದು ಕೂತಿದ್ದರು.

“ಆರೋಗ್ಯ ಶುರುವಾಗೋದು ಬಾಯಿಂದ. ಒಂದು ತುತ್ತಿಗೆ ಮೂವತ್ತೆರಡು ಸಲ ಅಗೀಬೇಕು. ನಾನು ಬರೀ ಹೇಳೋನಲ್ಲ, ದಿನಾ ಮಾಡಿ ತೋರಿಸೋನು.”

ತೋರಿಸಿದರು ಕೂಡ. ನಲವತ್ತು ತುತ್ತಿನ ಡಬ್ಬಿ ಮುಗಿಯಲು ಒಂದು ಗಂಟೆ ಐದು ನಿಮಿಷ. ಸಾಹೇಬರು ಏಳುವ ಮುನ್ನ ಏಳುವ ಎದೆ ಯಾರಿಗಿದೆ? ಐದು ನಿಮಿಷದಲ್ಲಿ ಉಂಡು ಮುಗಿಸುವ ಉಗ್ರಾಣದವನು ಉಳಿದ ಒಂದು ಗಂಟೆ ಖಾಲಿ ಬಾಯಿಯನ್ನೇ ಅಗಿಯುತ್ತಿದ್ದ. ಹೊರಗೆ ತಕ್ಕಡಿ ಹಿಡಿದು ಕಾಯುತ್ತಿದ್ದ ಅಂಗಡಿಯವರು ಕಿಟಕಿಯಲ್ಲಿ ಇಣುಕಿ, ದನಗಳು ಮೆಲುಕು ಹಾಕುವುದನ್ನು ಕಂಡವರಂತೆ ಸುಮ್ಮನೆ ಹಿಂದೆ ಸರಿಯುತ್ತಿದ್ದರು.

ಸಾಹೇಬರಿಗೆ ಸರಿಸಾಟಿಯಾಗಿ ಅಗಿಯುತ್ತಿದ್ದವನು ಗುಮಾಸ್ತನೊಬ್ಬನೇ. ತುತ್ತು ಎಡಗಡೆಗೆ ಜಾರದಂತೆ ನಾಲಿಗೆಯ ಅಣೆಕಟ್ಟು ಕಟ್ಟಿ, ಬಲಗಡೆಯಲ್ಲಿ ಗಂಧ ತೇಯುವಂತೆ ಅರೆಯುತ್ತಿದ್ದ. “ಇವರನ್ನ ನೋಡಿ ಕಲೀರಿ. ಇಂಥವರಿಗೆ ಜನ್ಮದಲ್ಲಿ ಹಲ್ಲುನೋವು ಬರಲ್ಲ” ಎಂದ ಸಾಹೇಬರು, ಮುಖ್ಯ ಗುಮಾಸ್ತನ ಹುದ್ದೆಗೆ ಶಿಫಾರಸು ಮಾಡುವ ಕಾಗದದಲ್ಲಿ ಅವನ ಹೆಸರನ್ನೇ ಬರೆಸಿದರು. ಸಹಿಯೊಂದು ಬಾಕಿ. ಇನ್ನು ಹಲ್ಲುನೋವೆಂದು ಬಾಯಿ ಬಿಡುವುದು ಹೇಗೆ?

ಆದರೆ ಆ ದಿನ ಬೆಳಗ್ಗೆ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. “ಹಲ್ಲಿನ ಡಾಕ್ಟ್ರು ನಾಳೆಯಿಂದ ಹದಿನೈದು ದಿನ ಊರಲ್ಲಿರಲ್ವಂತೆ. ಇವತ್ತು ತೋರಿಸ್ಕೊಂಡೇ ಮನೆಗೆ ಬನ್ನಿ. ನೀವು ನರಳೋದು ಕೇಳಿ ಪಕ್ಕದ ಮನೆಯವರು ನಾನು ಹೊಡೀತೀನಿ ಅಂದ್ಕೊಂಡಿದಾರೆ.”

ಮಧ್ಯಾಹ್ನ ಊಟದ ಮೇಜಿನಲ್ಲಿ ರಜೆ ಕೇಳಬೇಕೆಂದು ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಟೈಪಿಸ್ಟಮ್ಮ ದಪ್ಪನೆಯ ಕ್ಯಾರೆಟ್ಟೊಂದನ್ನು ಸಾಹೇಬರ ಮುಂದಿಟ್ಟಳು.

“ಗಟ್ಟಿ ಪದಾರ್ಥಕ್ಕೂ ಮೂವತ್ತೆರಡೇನಾ ಸರ್? ಒಮ್ಮೆ ತೋರಿಸಿ.”

ಸಾಹೇಬರು ಕ್ಯಾರೆಟ್ಟನ್ನು ಗೌರವದಿಂದ ನೋಡಿದರು. “ನಾನು ತೋರಿಸಿದ್ದಾಯ್ತಲ್ಲ, ಇನ್ನು ಶಿಷ್ಯರು ತೋರಿಸ್ಲಿ. ತಗೊಳ್ಳಿ ಗುಮಾಸ್ತ್ರೇ.”

ಹನ್ನೊಂದನೆಯ ಅಗಿತಕ್ಕೆ ಕ್ಯಾರೆಟ್ಟಿನ ಚೂರು ಅಣೆಕಟ್ಟು ದಾಟಿತು. ಗುಮಾಸ್ತನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

“ನೋಡಿ, ಇದಕ್ಕೆ ತನ್ಮಯತೆ ಅಂತಾರೆ” ಎಂದರು ಸಾಹೇಬರು.

“ಸರ್, ಅತ್ತೆಗೆ ಹುಷಾರಿಲ್ಲ” ಎಂದ ಗುಮಾಸ್ತ, ಅಳು ಹೇಗೂ ಬಂದಿದೆಯಲ್ಲ ಎಂದು. “ಮೂರು ಗಂಟೆಗೆ ಆಸ್ಪತ್ರೇಲಿರ್ಬೇಕಿತ್ತು.”

ಉಗ್ರಾಣದವನ ಕಿವಿ ನೆಟ್ಟಗಾಯಿತು. “ನಿಮ್ಮತ್ತೇನ? ನಿನ್ನೆ ಮಾರ್ಕೆಟ್ಟಲ್ಲಿ ಎರಡು ಚೀಲ ಹೊತ್ಕೊಂಡು ಬಸ್ಸಿನ ಹಿಂದೆ ಓಡ್ತಿದ್ರಲ್ಲ.”

“ಅದಕ್ಕೇ ಹುಷಾರಿಲ್ಲ.”

“ಬಸ್ಸು ಸಿಗ್ತಾ?”

“ಸಿಕ್ಕಿದ್ರೆ ಯಾಕೆ ಹುಷಾರು ತಪ್ತಿತ್ತು?”

“ಪಾಪ. ನನ್ನ ಸ್ಕೂಟರಲ್ಲೇ ಆಸ್ಪತ್ರೆಗೆ ಬಿಡ್ತೀನಿ ಬನ್ನಿ” ಎಂದ ಉಗ್ರಾಣದವನು. ಮೇಜಿನಿಂದ ಏಳುವ ನೆಪ ಸಿಕ್ಕಿದರೆ ಅವನು ಯಾರ ಅತ್ತೆಯನ್ನಾದರೂ ನೋಡಲು ಸಿದ್ಧ. ಆಶ್ಚರ್ಯವೆಂದರೆ ಸಾಹೇಬರು ಒಂದೂ ಪ್ರಶ್ನೆ ಕೇಳಲಿಲ್ಲ. “ಹೋಗ್ಬನ್ನಿ. ನನಗೂ ನಾಲ್ಕಕ್ಕೆ ಹೊರಗೆ ಕೆಲಸ ಇದೆ” ಎಂದು ರಜೆ ಕೊಟ್ಟುಬಿಟ್ಟರು.

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಇಳಿಸಿದ ಮೇಲೂ ಉಗ್ರಾಣದವನು ಬೆನ್ನು ಬಿಡಲಿಲ್ಲ. ಗುಮಾಸ್ತ ಅವನನ್ನು ಹೆಂಗಸರ ವಾರ್ಡಿನ ಹೊರಗೆ ಕೂರಿಸಿ, ‘ಈಗ ಬಂದೆ’ ಎಂದು ಹಿಂಬಾಗಿಲಿನಿಂದ ಜಾರಿ, ದವಡೆ ಹಿಡಿದುಕೊಂಡು ನಾಲ್ಕು ಬೀದಿ ಓಡಿ ಹಲ್ಲಿನ ಡಾಕ್ಟರ ಕುರ್ಚಿಗೆ ಬಿದ್ದ.

“ಪಕ್ಕದ್ದೂ ಹುಳುಕು” ಎಂದು ಡಾಕ್ಟರು ಎರಡು ಕಿತ್ತು, ಬಾಯಿ ತುಂಬ ಹತ್ತಿ ತುರುಕಿದರು. “ಅರ್ಧ ಗಂಟೆ ಬಾಯಿ ಬಿಡಬೇಡಿ. ಹತ್ತು ದಿನ ಮೆತ್ತಗಿನ ಊಟ, ಅದೂ ಬಹಳ ನಿಧಾನವಾಗಿ.” ಹೀಗೆಂದು ಹಲಗೆಯ ತಡಿಕೆಯಾಚೆ ಇನ್ನೊಂದು ಕುರ್ಚಿಯಲ್ಲಿ ಕಾಯುತ್ತಿದ್ದವರ ಬಳಿ ಹೋದರು.

ಆಚೆಯಿಂದ ಪರಿಚಿತ ಕಂಠ ಕೇಳಿಬಂತು. “ಎರಡು ತಿಂಗಳಿಂದ ಈ ಹಳೇ ಹಲ್ಲಿನ ಸೆಟ್ಟು ಬಾಯಲ್ಲಿ ಕುಣೀತಿದೆ ಡಾಕ್ಟ್ರೇ. ಊಟಕ್ಕೆ ಗಂಟೆಗಟ್ಟಲೆ ಬೇಕು. ಆಫೀಸಲ್ಲಿ ನಾನೊಬ್ನೇ ಅಷ್ಟೊತ್ತು ಕೂತ್ರೆ ಮರ್ಯಾದೆ ಇರುತ್ತಾ? ಅದಕ್ಕೇ ಆರೋಗ್ಯದ ಹೆಸರು ಹೇಳಿ ಎಲ್ರನ್ನೂ ಕೂರಿಸ್ಕೊಂಡೆ.”

ಗುಮಾಸ್ತ ನಗಲು ಹೋಗಿ ಹತ್ತಿ ನುಂಗುವುದರಲ್ಲಿದ್ದ. ಅಷ್ಟರಲ್ಲಿ ಹೊಸ ಹಲ್ಲಿನ ಸೆಟ್ಟು ಧರಿಸಿದ ಸಾಹೇಬರು ಕನ್ನಡಿ ಹುಡುಕುತ್ತಾ ಈಚೆ ಬಂದರು. ಇಬ್ಬರೂ ಇಂಗು ತಿಂದ ಮಂಗಗಳಂತೆ ಮುಖ ಮುಖ ನೋಡಿಕೊಂಡರು.

“ಅತ್ತೆ ಹೇಗಿದಾರೆ?” ಎಂದರು ಸಾಹೇಬರು ಕೊನೆಗೆ.

ಗುಮಾಸ್ತ ಕೈ ಅಲ್ಲಾಡಿಸಿದ.

“ಇರ್ಲಿ. ನೀವು ನನ್ನ ನೋಡಿಲ್ಲ, ನಾನು ನಿಮ್ಮನ್ನ ನೋಡಿಲ್ಲ.”

ಗುಮಾಸ್ತನಿಗೆ ಹೋದ ಜೀವ ಬಂತು. ಹುದ್ದೆ ಉಳಿಯಿತು. ಇನ್ನು ಹತ್ತು ದಿನ ನಿಧಾನವಾಗಿ ಉಣ್ಣಬೇಕಾದವನಿಗೆ ಈ ಭೂಮಿಯ ಮೇಲೆ ಆ ಊಟದ ಮೇಜಿಗಿಂತ ಒಳ್ಳೆಯ ಜಾಗವುಂಟೆ?

ಸಾಹೇಬರು ಕನ್ನಡಿಯಲ್ಲಿ ಹಲ್ಲನ್ನು ಎರಡು ಸಲ ಕಟಕಟ ಅನ್ನಿಸಿದರು.

“ಆಹಾ, ಏನು ಚುರುಕು ರೀ. ನಾಳೆಯಿಂದ ಆ ಮೂವತ್ತೆರಡರ ಗೋಳು ಬೇಡ. ಎಂಟು ನಿಮಿಷದಲ್ಲಿ ಊಟ, ಆಮೇಲೆ ಎಲ್ರೂ ಒಂದು ಗಂಟೆ ನಡಿಗೆ. ಆರೋಗ್ಯ ಶುರುವಾಗೋದು ಕಾಲಿಂದ. ಆದ್ರೆ ಸಿಬ್ಬಂದಿಗೆ ಒಬ್ರು ಮಾಡಿ ತೋರಿಸ್ಬೇಕಲ್ಲ. ನಾಳೆ ಮೊದಲು ಡಬ್ಬಿ ಖಾಲಿ ಮಾಡಿ ಏಳೋರು ನೀವೇ. ಅಲ್ಲೇ ಎಲ್ರೆದುರಿಗೆ ಆ ಕಾಗದಕ್ಕೆ ಸಹಿ ಹಾಕ್ತೀನಿ. ಆಗಲ್ಲ ಅನ್ನೋದಾದ್ರೆ ಈಗ್ಲೇ ಹೇಳಿಬಿಡಿ, ಉಗ್ರಾಣದವರ ಹೆಸರು ಬರೀತೀನಿ. ಅವರೂ ಬೇಗ ಉಣ್ಣೋರೇ.”

ಗುಮಾಸ್ತ ಎರಡೂ ಕೈ ಎತ್ತಿ ಬಾಯಿ ತೆರೆಯಹೊರಟ.

“ಬಾಯಿ ಬಿಡಬೇಡಿ ಅಂದೆನಲ್ಲ” ಎಂದು ತಡಿಕೆಯಾಚೆಯಿಂದ ಇಣುಕಿ ಡಾಕ್ಟರು ಗದರಿದರು.

ಸಾಹೇಬರು ಒಂದು ನಿಮಿಷ ಕಾದರು. ಆಮೇಲೆ ಸಂತೋಷದಿಂದ ಅವನ ಭುಜ ತಟ್ಟಿ, “ನಂಗೊತ್ತಿತ್ತು, ನೀವು ಇಲ್ಲ ಅನ್ನೋರಲ್ಲ” ಎಂದು ಹೊರಟುಹೋದರು.