ನಳಿಗೆಯಡಿಯ ಬಸ್ ಟಿಕೆಟ್

ನನ್ನ ತಪ್ಪನ್ನು ಒಪ್ಪಿಕೊಳ್ಳುವ ವಿಚಾರದಲ್ಲಿ ನಾನು ಸ್ವಲ್ಪ ಜಿಪುಣ. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೆ ಚಮಚ ದೊಡ್ಡದು. ನನ್ನ ಪಾಠ ಕೇಳುತ್ತ ಕಾಲೇಜಿನ ಮಕ್ಕಳು ತೂಕಡಿಸಿದರೆ ಫ್ಯಾನಿನ ಗಾಳಿ ತಂಪು. ಇಂಥವನು ತುಮಕೂರಿನ ರೈಫಲ್ ಕ್ಲಬ್ಬಿಗೆ ಸೇರಿ, ಲೈಸೆನ್ಸ್ ಮಾಡಿಸಿ, ಪಾಯಿಂಟ್ ಟೂಟೂ ರೈಫಲ್ ಕೊಂಡ ಮೇಲೆ ಗುಂಡು ಗುರಿ ತಪ್ಪಿದರೆ ತಪ್ಪು ಯಾರದೆಂದು ಬೇರೆ ಹೇಳಬೇಕೆ? ರೈಫಲ್ಲಿನದೇ. ಕಷ್ಟವೇನೆಂದರೆ, ಜೊತೆಗಿರಲಿ ಎಂದು ಕರೆದುಕೊಂಡು ಹೋದ ನನ್ನ ಹೆಂಡತಿ ಸರೋಜ ತಾನೂ ಕಲಿತು, ಲೈಸೆನ್ಸ್ ಮಾಡಿಸಿ, ಅದೇ ರೈಫಲ್ಲಿನಲ್ಲಿ ನನಗಿಂತ ಚೆನ್ನಾಗಿ ಹೊಡೆಯತೊಡಗಿದಳು. ಕ್ಲಬ್ಬಿನ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಮುಂದಿನ ಭಾನುವಾರ ಆಯ್ಕೆ. ಅವಳೋ, ನಾನೋ.

ನನ್ನ ಪುಣ್ಯಕ್ಕೆ, ನಮ್ಮ ಕೋಚ್, ಕುಣಿಗಲ್ಲಿನ ಮಾಜಿ ಸೈನಿಕ ರಂಗಪ್ಪನವರು, ರೈಫಲ್ಲಿನ ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ಒಂದು ಬಸ್ ಟಿಕೆಟ್ ತೂರಿಸಿ, ಎರಡೂ ತುದಿ ಹಿಡಿದು ನಳಿಗೆಯುದ್ದಕ್ಕೂ ಎಳೆದರು. ಅರ್ಧಕ್ಕೇ ನಿಂತಿತು. “ಸಾರ್, ನಳಿಗೆ ಮರಕ್ಕೆ ತಾಕ್ತಾ ಐತೆ. ಗುಂಡು ಹೊರಡುವಾಗ ಅದು ನಡುಗ್ತದೆ ಕಣ್ರೀ. ಏನಾದ್ರೂ ತಾಕಿದ್ರೆ ಒಂದೊಂದು ಗುಂಡು ಒಂದೊಂದು ಕಡೆ. ಹಿಂದ್ಗಡೆ ಭದ್ರವಾಗಿ ಕೂರ್ಬೇಕು, ಮುಂದ್ಗಡೆ ಯಾವ್ದಕ್ಕೂ ತಾಕ್ದಂಗಿರ್ಬೇಕು” ಎಂದರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. “ನೋಡಿದ್ಯೇನೇ?” ಎಂದು ಸರೋಜಳತ್ತ ತಿರುಗಿದೆ. “ನಂಗೂ ಅದೇ ನಳಿಗೆ ಅಲ್ವೇನ್ರೀ?” ಎಂದಳು. ನಾನು ರಂಗಪ್ಪನವರಿಂದ ಟಿಕೆಟ್ ಇಸಿದುಕೊಂಡು ಇನ್ನೊಂದು ಸಲ ಎಳೆದು ತೋರಿಸಿದೆ.

ಆ ವಾರವೆಲ್ಲ ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಊಟದ ಮೇಜೇ ಕಾರ್ಖಾನೆ. ಸರೋಜಳ ಪೂರಿ ಲಟ್ಟಣಿಗೆಗೆ ಉಪ್ಪುಕಾಗದ ಸುತ್ತಿ, ನಳಿಗೆ ಮಲಗುವ ಮರದ ಕಾಲುವೆಯನ್ನು ಉಜ್ಜಿ ಅಗಲ ಮಾಡಿದೆ. ಎರಡು ದಿನ ಪೂರಿಯಲ್ಲಿ ಮರದ ಪುಡಿ ಸಿಕ್ಕಿತು. ಆಮೇಲೆ ಹಿಂಭಾಗ ಅಲುಗಾಡದಂತೆ ಕೂರಿಸಲು ಎರಡು ಟ್ಯೂಬಿನ ಅಂಟು ಕಲಸಿ ಮರಕ್ಕೆ ಬಳಿದೆ. ರೈಫಲ್ಲಿನ ಕಬ್ಬಿಣ ಅದರ ಮೇಲೆ ಕೂತು ತನ್ನ ಅಚ್ಚು ಮೂಡಿಸಬೇಕು. ಆದರೆ ಕೂತದ್ದು ಮತ್ತೆ ಏಳಬೇಕಲ್ಲ! ಅದು ನನಗೆ ಹೊಳೆದಿರಲಿಲ್ಲ. ಸರೋಜಳ ತವರು ಚೇಳೂರು, ಹಲಸಿನ ಸೀಮೆ. “ಅಯ್ಯೋ, ತಡೀರಿ! ಹಲಸಿನಹಣ್ಣು ಕುಯ್ಯೋಕೆ ಮುಂಚೆ ಕೈಗೆ ಎಣ್ಣೆ ಹಚ್ಕೊಳಲ್ವೇ? ಈ ಕಬ್ಬಿಣಕ್ಕೂ ಹಚ್ರಿ” ಎಂದು ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಮಾರನೆಯ ದಿನ ಕಬ್ಬಿಣ ಹಲಸಿನ ತೊಳೆಯಂತೆ ಸಲೀಸಾಗಿ ಬಿಡಿಸಿಕೊಂಡು ಬಂತು. ಕ್ಲಬ್ಬಿನಲ್ಲಿ ಈ ಉಪಾಯ ನನ್ನದೇ ಎಂದು ಹೇಳಿಕೊಂಡೆ.

ಭಾನುವಾರ ಟಿಕೆಟ್ ನಳಿಗೆಯ ಕೆಳಗೆ ಈ ತುದಿಯಿಂದ ಆ ತುದಿಗೆ ಓಡಿತು. ಸರೋಜಳ ಐದು ಗುಂಡಿನ ತೂತುಗಳನ್ನು ಒಂದು ರೂಪಾಯಿಯ ನಾಣ್ಯ ಮುಚ್ಚುವಂತಿತ್ತು. ನನ್ನ ಐದನ್ನು ಮುಚ್ಚಲು ಅವಳ ಪೂರಿಯೇ ಬೇಕಾಗಿತ್ತು. “ಇನ್ನೂ ಎಲ್ಲೋ ತಾಕ್ತಾ ಇದೆ ರಂಗಪ್ಪನವ್ರೇ!” ಎಂದು ಹಟ ಹಿಡಿದೆ. ಅವರು ರೈಫಲ್ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, “ಹೊಡೆಯೋ ಹಂಗೇ ಹಿಡ್ಕೊಳಿ ಸಾರ್” ಎಂದರು. ನಾನು ಕೆನ್ನೆಯೊತ್ತಿ ಉಸಿರು ಬಿಗಿಹಿಡಿದೆ. ಅವರು ಟಿಕೆಟ್ ಎಳೆದರು. ಅರ್ಧಕ್ಕೇ ನಿಂತಿತು.

“ನಾನು ಹೇಳ್ಲಿಲ್ವಾ, ತಾಕ್ತಾ ಇದೆ ಅಂತ!” ಎಂದು ಕೂಗಿದೆ.

“ಹೂಂ ಸಾರ್, ತಾಕ್ತಾ ಐತೆ. ನಿಮ್ಮ ಎಡಗೈ ಹೆಬ್ಬೆರಳು.”

ತಂಡದ ಜಾಗ ಸರೋಜಳಿಗೆ ಹೋಯಿತು. ಹೆಬ್ಬೆರಳು ನನ್ನದೇ, ಇಲ್ಲವೆನ್ನುವುದಿಲ್ಲ. ಆದರೆ ನೀವೇ ಹೇಳಿ, ಅಷ್ಟು ಎಣ್ಣೆ ಹಚ್ಚಿದ ರೈಫಲ್ಲಿನ ಮೇಲೆ ಯಾರ ಬೆರಳು ತಾನೇ ಜಾರುವುದಿಲ್ಲ? ಆ ಎಣ್ಣೆ ತಂದುಕೊಟ್ಟವರಾದರೂ ಯಾರು?